ಬಿಸಿಲಿಗಿಟ್ಟ ಕುಸುಬಿ ಎಣ್ಣೆ

ಕಳೆದ ಏಪ್ರಿಲ್‌ನಲ್ಲಿ ನಮ್ಮ ಕಲಬುರಗಿಯ ಅಂಗಡಿಯೊಂದರಿಂದ ತಂದ ಕುಸುಬಿ ಎಣ್ಣೆಯ ಬಾಟಲಿ ತೆರೆದ ಕೂಡಲೇ ಕಮಟು ವಾಸನೆ ಮೂಗಿಗೆ ಬಡಿಯಿತು. ಬಾಟಲಿಯ ಮೇಲೆ ಅಚ್ಚಾದ ಅವಧಿ ಮುಗಿಯಲು ಇನ್ನೂ ನಾಲ್ಕು ತಿಂಗಳಿದ್ದವು. ಮನೆಯವರೆಲ್ಲ ಕಲಬೆರಕೆಯೆಂದೇ ತೀರ್ಮಾನಿಸಿದರು. ಮರುದಿನ ನಾನು ಹೋಗಿ ನೋಡಿದಾಗ ಅದೇ ಎಣ್ಣೆಯ ಪಾರದರ್ಶಕ ಬಾಟಲಿಗಳು ಅಂಗಡಿಯ ಕಟ್ಟೆಯ ಮೇಲೆ ನಡುಮಧ್ಯಾಹ್ನದ ಬಿಸಿಲಿಗೆ ಸಾಲಾಗಿ ನಿಂತಿದ್ದವು. ಮುಟ್ಟಿದರೆ ಕೈಗೆ ಬಿಸಿ ಹತ್ತುತ್ತಿತ್ತು.

ನನ್ನ ಮಟ್ಟಿಗೆ ಅಲ್ಲಿ ಕೆಟ್ಟದ್ದು ಎಣ್ಣೆಯ ಶುದ್ಧತೆಯಲ್ಲ, ಅದನ್ನು ಇಟ್ಟ ರೀತಿ. ನಮ್ಮ ಸಾಂಪ್ರದಾಯಿಕ ಕುಸುಬಿ ಎಣ್ಣೆಯ ಕೊಬ್ಬಿನಾಮ್ಲಗಳಲ್ಲಿ ನೂರಕ್ಕೆ 70ರಷ್ಟು ಅಥವಾ ಅದಕ್ಕೂ ಹೆಚ್ಚು ಲಿನೋಲಿಕ್ ಆಮ್ಲವೇ ಇರುತ್ತದೆ. ಅದರ ಇಂಗಾಲದ ಸರಪಳಿಯಲ್ಲಿರುವ ಎರಡು ದ್ವಿಬಂಧಗಳ (ಜೋಡಿ ಕೊಂಡಿಗಳ) ನಡುವಿನ ಇಂಗಾಲದಿಂದ ಹೈಡ್ರೋಜನ್ ಸುಲಭವಾಗಿ ಕಳಚಿಕೊಳ್ಳುವುದರಿಂದ ಗಾಳಿಯ ಆಮ್ಲಜನಕ ಅಲ್ಲಿ ಸೇರಿ ಪೆರಾಕ್ಸೈಡ್‌ಗಳು ಹುಟ್ಟುತ್ತವೆ, ಅವು ಒಡೆದು ಹೆಕ್ಸನಾಲ್‌ನಂತಹ ಆಲ್ಡಿಹೈಡ್‌ಗಳಾಗುತ್ತವೆ; ಆ ಕಮಟು ಇವುಗಳದ್ದೇ. ಈ ಕ್ರಿಯೆ ಒಮ್ಮೆ ಶುರುವಾದರೆ ಒಂದು ಅಣು ಕೆಟ್ಟು ಮತ್ತೊಂದನ್ನು ಕೆಡಿಸುತ್ತ ಹೋಗುತ್ತದೆ. ಎಣ್ಣೆಯಲ್ಲಿ ಸಹಜವಾಗಿರುವ ವಿಟಮಿನ್ ಇ ಅದನ್ನು ಕೆಲಕಾಲ ತಡೆದು, ತಾನೇ ಸವೆದುಹೋಗುತ್ತದೆ. ಬೆಳಕು ಮತ್ತು ಶಾಖ ಎರಡೂ ಇದಕ್ಕೆ ವೇಗ ಕೊಡುತ್ತವೆ. ಬೇಸಿಗೆಯಲ್ಲಿ ನೆರಳಿನಲ್ಲೇ 40 ಡಿಗ್ರಿ ದಾಟುವ ನಮ್ಮೂರಿನಲ್ಲಿ ಕಟ್ಟೆಯ ಮೇಲಿನ ಬಾಟಲಿಯ ಗತಿಯನ್ನು ಬೇರೆ ಹೇಳಬೇಕಿಲ್ಲ.

ಜೋಳದ ಹಿಟ್ಟಿನ ಕಥೆಯೂ ಇದಕ್ಕೆ ಹತ್ತಿರದ್ದು. ಇಡೀ ಕಾಳಿನಲ್ಲಿ ಮೊಳಕೆಯ ಭಾಗದ ಕೊಬ್ಬು ಭದ್ರವಾಗಿರುತ್ತದೆ. ಗಿರಣಿಯಲ್ಲಿ ಬೀಸಿದೊಡನೆ ಆ ಕೊಬ್ಬು ಕೊಬ್ಬನ್ನು ಒಡೆಯುವ ಲಿಪೇಸ್ ಎಂಬ ಕಿಣ್ವದ ಕೈಗೂ ಗಾಳಿಯ ಕೈಗೂ ಸಿಕ್ಕಿ ಹಿಟ್ಟು ಕಹಿಯಾಗುತ್ತದೆ. “ಹಿಟ್ಟು ಕಮಟು ನಾರ್ಲಾಕತ್ತದ, ವಾರಕ್ಕಾಗೋವಷ್ಟೇ ಬೀಸಿಸ್ಕೊಂಡ್ ಬಾ” ಎಂದು ನಮ್ಮವ್ವ ಹಿಟ್ಟು ನಾದುವ ಕೊಣಮಿಗೆಯ ಮುಂದೆ ಕುಳಿತು ಹೇಳುತ್ತಿದ್ದ ಮಾತಿಗೆ ಇಷ್ಟು ಗಟ್ಟಿಯಾದ ಕಾರಣವಿದೆ ಎಂಬುದು ನನಗೆ ತಿಳಿದದ್ದು ಬಹಳ ತಡವಾಗಿ. ಶೇಂಗಾ ಹಿಂಡಿಯದೂ, ಅಂದರೆ ಚಟ್ನಿಪುಡಿಯದೂ ಅದೇ ಪಾಡು: ಹುರಿದಾಗ ಸಕ್ಕರೆ ಮತ್ತು ಅಮೈನೋ ಆಮ್ಲಗಳು ಕೂಡಿ, 1912ರಲ್ಲಿ ಫ್ರಾನ್ಸಿನ ರಸಾಯನಶಾಸ್ತ್ರಜ್ಞ ಮೈಲಾರ್ಡ್ ವಿವರಿಸಿದ ಕ್ರಿಯೆಯಿಂದ ಘಮ ಹುಟ್ಟುತ್ತದೆ, ಆದರೆ ಕುಟ್ಟಿದ ಕೂಡಲೇ ಕೊಬ್ಬೆಲ್ಲ ಗಾಳಿಗೆ ತೆರೆದುಕೊಳ್ಳುತ್ತದೆ. ಅಗಸಿ ಹಿಂಡಿಯಂತೂ ಇನ್ನೂ ಬೇಗ ಕೆಡುತ್ತದೆ.

ಅವಧಿಯ ದಿನಾಂಕವೊಂದನ್ನೇ ನೋಡಿ ಆಹಾರದ ಗುಣಮಟ್ಟ ಅಳೆಯುವುದನ್ನು ನಾನು ಒಪ್ಪಲಾರೆ. ಆ ದಿನಾಂಕ ತಂಪಾದ, ಕತ್ತಲಾದ ಜಾಗದಲ್ಲಿಟ್ಟ ಎಣ್ಣೆಗೆ ಸಲ್ಲುತ್ತದೆ. ಎಣ್ಣೆ ತುಂಬುವವರು ತಗಡಿನ ಡಬ್ಬಿ ಅಥವಾ ಕಂದು ಬಾಟಲಿ ಬಳಸಬೇಕು, ತಪಾಸಣೆಗೆ ಬರುವ ಅಧಿಕಾರಿಗಳು ಲೇಬಲ್ಲಿನ ಜೊತೆಗೆ ಕಟ್ಟೆಯನ್ನೂ ನೋಡಬೇಕು. ನಾನು ಅಂಗಡಿಯವರಿಗೆ ಇಷ್ಟನ್ನೂ ಹೇಳಿದೆ. ಅವರು ಸಮಾಧಾನದಿಂದ ಕೇಳಿ ಎರಡು ಸಾಲು ಬಾಟಲಿಗಳನ್ನು ಒಳಗಿಟ್ಟರು. ಗಿರಾಕಿಗಳ ಕಣ್ಣಿಗೆ ಬೀಳಲೆಂದು ಮೊದಲ ಸಾಲು ಮಾತ್ರ ಹೊರಗೇ ಉಳಿಯಿತು.