ಗುಂಟೆಗೆ 86 ರೂಪಾಯಿ, ಮಿಕ್ಕಿದ್ದೆಲ್ಲ ಭಾಷಣ

ಊರಿಗೆ ನೆರೆ ಬರಲಿ, ಬರ ಬರಲಿ, ಕರ್ನಾಟಕದ ರಾಜಕಾರಣಿ ಮೊದಲು ನೋಡುವುದು ಆಕಾಶವನ್ನಲ್ಲ, ದಿಲ್ಲಿಯನ್ನು. ಮಳೆ ಎಷ್ಟು ಮಿಲಿಮೀಟರ್ ಬಿತ್ತು, ಎಷ್ಟು ಹೆಕ್ಟೇರ್ ಹೋಯಿತು ಎನ್ನುವುದೆಲ್ಲ ಆಮೇಲಿನ ಮಾತು. ದಿಲ್ಲಿಯಲ್ಲಿ ಕೂತಿರುವವರು ನಮ್ಮವರೋ, ಅವರೋ? ನಮ್ಮವರಾದರೆ ಬಾಯಿಗೆ ಬರುವ ಮಾತು: ‘ಸ್ವಲ್ಪ ತಾಳ್ಮೆ ಇರಲಿ, ಎಲ್ಲಕ್ಕೂ ಒಂದು ನಿಯಮ ಅಂತ ಇರುತ್ತೆ.’ ಅವರಾದರೆ ಎರಡೇ ಪದ: ‘ಮಲತಾಯಿ ಧೋರಣೆ.’ ರಾಜ್ಯದ ಮಲತಾಯಂದಿರೆಲ್ಲ ಸೇರಿ ಒಂದು ಸಂಘ ಕಟ್ಟಿಕೊಂಡಿದ್ದರೆ ಇಷ್ಟು ಹೊತ್ತಿಗೆ ಮಾನನಷ್ಟ ಮೊಕದ್ದಮೆಯಲ್ಲೇ ಕೋಟ್ಯಧೀಶೆಯರಾಗುತ್ತಿದ್ದರು.

ಮಾತುಗಳು ಇಷ್ಟೇ. ಸರ್ಕಾರ ಬದಲಾದಾಗ ಎರಡು ಪಕ್ಷದವರೂ ಹಾಳೆ ಅದಲುಬದಲು ಮಾಡಿಕೊಳ್ಳುತ್ತಾರೆ.

2019ರ ಆಗಸ್ಟ್ ನೆನಪಿದೆಯೇ? ಕೃಷ್ಣೆ, ಮಲಪ್ರಭೆ, ಘಟಪ್ರಭೆ ಮೂರೂ ತುಂಬಿ ಬೆಳಗಾವಿ, ಬಾಗಲಕೋಟೆಯ ಊರುಗಳು ನೀರಿನಲ್ಲಿ ನಿಂತಿದ್ದವು. ಯಡಿಯೂರಪ್ಪನವರು ಜುಲೈ 26ಕ್ಕೆ ಪ್ರಮಾಣವಚನ ತೆಗೆದುಕೊಂಡಿದ್ದರು. ಸಂಪುಟ ಆದದ್ದು ಆಗಸ್ಟ್ 20ಕ್ಕೆ. ನಡುವಿನ ಇಪ್ಪತ್ತೈದು ದಿನ ಕಂದಾಯ ಸಚಿವರೂ ಅವರೇ, ಉಸ್ತುವಾರಿ ಸಚಿವರೂ ಅವರೇ, ಇಡೀ ಸಂಪುಟವೂ ಅವರೇ. ರಾಜ್ಯದ ಅರ್ಧ ಮುಳುಗಿರುವಾಗ ಏಕಪಾತ್ರಾಭಿನಯ. ನಷ್ಟದ ಲೆಕ್ಕ 35,160 ಕೋಟಿ ರೂಪಾಯಿ. ಅಕ್ಟೋಬರ್‌ನಲ್ಲಿ ಮೊದಲ ಕಂತಾಗಿ ಬಂದದ್ದು 1,200 ಕೋಟಿ. ಆಗ ವಿರೋಧ ಪಕ್ಷದಲ್ಲಿದ್ದ ಕಾಂಗ್ರೆಸ್‌ನವರು ‘25 ಸಂಸದರನ್ನು ಗೆಲ್ಲಿಸಿ ಕಳಿಸಿದಿರಲ್ಲ, ಎಲ್ಲಿ ಹೋದರು?’ ಎಂದು ಕೇಳಿದರು. ಆಡಳಿತದಲ್ಲಿದ್ದ ಬಿಜೆಪಿಯವರು ‘ಬರುತ್ತೆ, ಬರುತ್ತೆ’ ಎಂದರು.

ಯಡಿಯೂರಪ್ಪ ಒಮ್ಮೆ ಮಾತ್ರ ಹಾಳೆ ಬಿಟ್ಟು ಮಾತಾಡಿಬಿಟ್ಟರು. 2020ರ ಜನವರಿ 2, ತುಮಕೂರು. ಪ್ರಧಾನಿ ಅದೇ ವೇದಿಕೆಯಲ್ಲಿ ಕೂತಿರುವಾಗಲೇ ನೆರೆ ಪರಿಹಾರದ ವಿಷಯ ಎತ್ತಿದರು. ಅದೇ ವಾರ ಮುಗಿದು ಮುಂದಿನ ಸೋಮವಾರ 1,869.85 ಕೋಟಿ ಮಂಜೂರಾಯಿತು. ಮೈಕ್ ಹಿಡಿದು, ಎದುರಿಗೇ, ತುಂಬಿದ ಸಭೆಯಲ್ಲಿ ಕೇಳುವ ಈ ವಿಧಾನವನ್ನು ಯಾವ ಪಕ್ಷದ ಕೈಪಿಡಿಯೂ ಶಿಫಾರಸು ಮಾಡುವುದಿಲ್ಲ.

ಇನ್ನು 2023. ದೇಶದಲ್ಲಿ 1901ರಿಂದೀಚೆಗೆ ಅಷ್ಟು ಒಣಗಿದ ಆಗಸ್ಟ್ ಇರಲಿಲ್ಲ. ಸರ್ಕಾರ ಕಾಂಗ್ರೆಸ್‌ದು. ಬೆಳೆನಷ್ಟದ ಲೆಕ್ಕ 35,162 ಕೋಟಿ. ಗಮನಿಸಿ, 2019ರ ನೆರೆಗೂ ಈ ಬರಕ್ಕೂ ಅಂತರ ಎರಡೇ ಕೋಟಿ. ಊರು ಮುಳುಗಿದರೂ ಒಣಗಿದರೂ ಕನ್ನಡಿಗನ ಕಷ್ಟಕ್ಕೆ ಒಂದೇ ರೇಟು. ಈ ಸಲ ‘ಮಲತಾಯಿ’ ಎಂದವರು ಕಾಂಗ್ರೆಸ್‌ನವರು, ‘ನಿಯಮ’ ಎಂದವರು ಬಿಜೆಪಿಯವರು. ಬಿಜೆಪಿ ತಂಡಗಳು ಜಿಲ್ಲೆ ಜಿಲ್ಲೆಗೆ ಬರ ಅಧ್ಯಯನ ಪ್ರವಾಸವನ್ನೂ ಮಾಡಿದವು. ಬಿರುಕುಬಿಟ್ಟ ಹೊಲದಲ್ಲಿ ಹತ್ತು ಜನ ಸಾಲಾಗಿ ನಿಂತು, ಒಬ್ಬರು ಮಾತ್ರ ಬಗ್ಗಿ ಮಣ್ಣಿನ ಹೆಂಟೆ ಎತ್ತಿಕೊಳ್ಳುವ ಆ ಫೋಟೊದಲ್ಲಿ ಪಕ್ಷಭೇದವಿಲ್ಲ. ಹೆಂಟೆ ಎತ್ತುವವರಿಗೆ ಒಂದು ಸೂಚನೆ: ಎರೆಮಣ್ಣಿನದಾದರೆ ಚೆನ್ನಾಗಿ ಕಾಣುತ್ತೆ, ಕೆಂಪು ಮಣ್ಣು ಕೈಯಲ್ಲಿ ಪುಡಿಯಾಗಿ ಬಿಳಿ ಅಂಗಿಗೆ ಮೆತ್ತಿಕೊಳ್ಳುತ್ತೆ.

ಬರ ಎಂದರೆ ಮಳೆ ಬರದಿರುವುದು ಎಂದು ತಿಳಿದವರು ಕೇಂದ್ರದ ಬರ ಕೈಪಿಡಿ ಓದಿಲ್ಲ. 2016ರಲ್ಲಿ ಬಂತು, 2020ರಲ್ಲಿ ಪರಿಷ್ಕೃತವಾಯಿತು. ಅದರ ಪ್ರಕಾರ ಮಳೆ ಕೊರತೆ, ಸತತ ವಾರಗಳ ಒಣಹವೆ ಇವೆಲ್ಲ ಬರೀ ಹೊರಬಾಗಿಲು. ಅದನ್ನು ದಾಟಿದ ತಾಲ್ಲೂಕು ಒಳಗೆ ಬಂದು ಬಿತ್ತನೆ ಎಷ್ಟಾಗಿದೆ, ಉಪಗ್ರಹಕ್ಕೆ ಎಷ್ಟು ಹಸಿರು ಕಂಡಿದೆ, ಮಣ್ಣಲ್ಲಿ ತೇವ ಎಷ್ಟು, ಕೆರೆ–ಜಲಾಶಯ–ಅಂತರ್ಜಲ ಎಲ್ಲಿಗಿಳಿದಿದೆ ಎಂಬ ಪರೀಕ್ಷೆಗೆ ಕೂರಬೇಕು. ಆಮೇಲೆ ಶೇ 10ರಷ್ಟು ಹಳ್ಳಿಗಳನ್ನು ಆರಿಸಿ ಹೊಲಕ್ಕಿಳಿದು ನೋಡಬೇಕು. ಎಲ್ಲದರಲ್ಲೂ ಫೇಲಾದರೆ ‘ತೀವ್ರ’ ಬರ, ಅದಕ್ಕೆ ಕೇಂದ್ರದ ವಿಪತ್ತು ನಿಧಿಯಿಂದ ಕೇಳಬಹುದು. ಅಷ್ಟು ಚೆನ್ನಾಗಿ ಫೇಲಾಗದಿದ್ದರೆ ‘ಸಾಧಾರಣ’ ಬರ. ಸಾಧಾರಣ ಬರದಲ್ಲಿ ಬಾಯಾರಿಕೆಯೂ ಸಾಧಾರಣವಾಗಿರುತ್ತೆ ಎಂಬ ನಂಬಿಕೆ.

ಕೊನೇ ಸ್ಥಾನಕ್ಕೆ ಪೈಪೋಟಿ ನಡೆಯುವ ಏಕೈಕ ಪರೀಕ್ಷೆ ಇದು. ಸೆಪ್ಟೆಂಬರ್‌ನಲ್ಲಿ 195 ತಾಲ್ಲೂಕು ಪಾಸಾದವು, ಅಂದರೆ ಫೇಲಾದವು. ಶಾಸಕರು ಪಟ್ಟಿ ಹಿಡಿದು ಓಡಾಡಿದ ಮೇಲೆ 216 ಆಯಿತು, ನವೆಂಬರ್‌ಗೆ 223. ಅದರಲ್ಲಿ 196 ತೀವ್ರ. ಆಗ ಇದ್ದದ್ದೇ 236 ತಾಲ್ಲೂಕು. ಉಳಿದ 13ರ ಶಾಸಕರು ಕ್ಷೇತ್ರದಲ್ಲಿ ಹೇಗೆ ಮುಖ ತೋರಿಸಿದರೋ!

ಅಕ್ಟೋಬರ್ ಮೊದಲ ವಾರ ಕೇಂದ್ರದ ಅಧ್ಯಯನ ತಂಡ ಬಂತು. ಇಲ್ಲೊಂದು ತೊಡಕು. ಕೈಕೊಟ್ಟಿದ್ದ ಮಳೆ ಆಮೇಲೆ ಅಲ್ಲಿ ಇಲ್ಲಿ ಒಂದು ಹದ ಬಿದ್ದಿತ್ತು. ತೆನೆ ಕಟ್ಟುವ ಹೊತ್ತಿನಲ್ಲಿ ನೀರು ಕಾಣದ ಪೈರು, ಹೊತ್ತು ಮೀರಿದ ಮೇಲೆ ಬಿದ್ದ ಮಳೆಗೆ ಎಲೆ ಚಿಗುರಿಸಿ ನಿಂತಿತ್ತು. ಕಾರಿನ ಕಿಟಕಿಯಿಂದ ನೋಡಿದರೆ ಕಣ್ಣು ತಣಿಯುವ ಹಸಿರು. ಮೆಕ್ಕೆಜೋಳದ ತೆನೆ ಮುರಿದು ರವದಿ ಸುಲಿದರೆ ಒಳಗೆ ಬೆಂಡು, ಬುಡದಲ್ಲಿ ಹತ್ತಿಪ್ಪತ್ತು ಕಾಳು, ಎಪ್ಪತ್ತರ ಅಜ್ಜನ ಬಾಯಿಯ ಹಾಗೆ. ಶೇಂಗಾ ಕಿತ್ತರೆ ಬಳ್ಳಿ ಉದ್ದ, ಕಾಯಿ ಪೊಳ್ಳು. ರಾಗಿ ತೆನೆ ಅಂಗೈಯಲ್ಲಿ ಉಜ್ಜಿ ಊದಿದರೆ ಅಂಗೈಯೇ ಉಳಿಯುತ್ತೆ. ಉಪಗ್ರಹಕ್ಕೆ ಊದಲು ಬರುವುದಿಲ್ಲ, ಅದು ಹಸಿರು ಎಂದು ಬರೆದುಕೊಂಡಿತು. ಹೀಗಾಗಿ ರಾಜ್ಯ ಸರ್ಕಾರ ದಿಲ್ಲಿಯವರಿಗೆ ‘ಹಸಿರು ಬರ’ ಎಂಬ ಹೊಸ ಪಾಠ ಮಾಡಬೇಕಾಯಿತು. ದನ ಕಾಯುವ ಹುಡುಗನಿಗೂ ಗೊತ್ತಿರುವುದಕ್ಕೆ ಒಂದು ಪವರ್ ಪಾಯಿಂಟು.

ರಾಜ್ಯ ಕೇಳಿದ್ದು 18,171.44 ಕೋಟಿ. ಪತ್ರಿಕೆಗಳ ತಲೆಬರಹದಲ್ಲಿ ಈ ಅಂಕಿ ನಿಂತಷ್ಟು ದಿನ ಹೊಲದಲ್ಲಿ ಪೈರೂ ನಿಂತಿರಲಿಲ್ಲ. ಅದನ್ನು ಬಿಡಿಸಿ ನೋಡಿದವರು ಕಡಿಮೆ. ಬೆಳೆ ಕಳೆದುಕೊಂಡವರಿಗೆ ಇನ್‌ಪುಟ್ ಸಬ್ಸಿಡಿ, ಅಂದರೆ ಬೀಜ–ಗೊಬ್ಬರದ ಖರ್ಚಿಗೆ ನೆರವು, 4,663.12 ಕೋಟಿ, ಕುಡಿಯುವ ನೀರಿಗೆ 566.78, ಜಾನುವಾರುಗಳಿಗೆ 363.68. ಉಳಿದ 12,577.86 ಕೋಟಿ ಬದುಕೇ ಕುಸಿದ ಕುಟುಂಬಗಳಿಗೆ ಕೂಲಿಯ ಲೆಕ್ಕದಲ್ಲಿ ಕೊಡಬೇಕಾದ ನೆರವು. ಮೂರರಲ್ಲಿ ಎರಡು ಪಾಲು ಇದೇ. ಚರ್ಚೆ ಆಗಬೇಕಿದ್ದದ್ದು ಇದರ ಬಗ್ಗೆ: ಎಷ್ಟು ಕುಟುಂಬ, ಎಷ್ಟು ದಿನದ ಕೂಲಿ, ಕೊಡಬೇಕೋ ಬೇಡವೋ. ನಡೆದದ್ದು ಮನವಿ ಯಾವ ತಾರೀಖಿಗೆ ತಲುಪಿತು ಎಂಬುದರ ಬಗ್ಗೆ. ರಾಜ್ಯ ಮೂರು ತಿಂಗಳು ತಡಮಾಡಿತು ಎಂದು ಕೇಂದ್ರ ಗೃಹ ಸಚಿವರು ಚನ್ನಪಟ್ಟಣದಲ್ಲಿ ಹೇಳಿದರೆ, ಸೆಪ್ಟೆಂಬರ್ 22ಕ್ಕೇ ಕೊಟ್ಟಿದ್ದೇವೆ ಎಂದು ರಾಜ್ಯದ ಕಂದಾಯ ಸಚಿವರು ಕಾಗದ ತೋರಿಸಿದರು. ಈ ನಡುವೆ ಬೆಳಗಾವಿಯಲ್ಲಿ ಸಕ್ಕರೆ ಸಚಿವರು, ಸಾಲ ಮನ್ನಾ ಆಗುತ್ತೆಂದು ರೈತರೇ ಬರ ಬರಲಿ ಎಂದು ಬಯಸುತ್ತಾರೆ ಎಂಬ ಸಿಹಿ ಮಾತನ್ನೂ ಆಡಿದರು. ಖಾತೆಗೆ ತಕ್ಕ ಮಾತು.

2024ರ ಫೆಬ್ರುವರಿ 7ಕ್ಕೆ ಇಡೀ ಸರ್ಕಾರ ಜಂತರ್ ಮಂತರ್‌ಗೆ ಹೋಗಿ ‘ನನ್ನ ತೆರಿಗೆ ನನ್ನ ಹಕ್ಕು’ ಎಂದಿತು. ಮಾರ್ಚ್‌ನಲ್ಲಿ ಸುಪ್ರೀಂ ಕೋರ್ಟಿಗೆ ಹೋಯಿತು, ಮೂಲಭೂತ ಹಕ್ಕಿಗಾಗಿ ನೇರ ಅಲ್ಲಿಗೇ ಹೋಗಲು ಬಿಡುವ ಸಂವಿಧಾನದ 32ನೇ ವಿಧಿಯ ಅಡಿ. ಕೇಂದ್ರ–ರಾಜ್ಯಗಳ ನಡುವೆ ಸ್ಪರ್ಧೆ ಬೇಡ ಎಂದು ನ್ಯಾಯಪೀಠವೇ ಹೇಳಬೇಕಾಯಿತು. ಅಷ್ಟರಲ್ಲಿ ಲೋಕಸಭೆ ಚುನಾವಣೆ ಬಂದು, ಹಿಂದಿನ ಮುಂಗಾರಿನಲ್ಲಿ ಒಣಗಿದ ಬೆಳೆಗೆ ಪರಿಹಾರ ಕೊಡಲು ಚುನಾವಣಾ ಆಯೋಗದ ಒಪ್ಪಿಗೆಯೂ ಬೇಕಾಯಿತು. ಏಪ್ರಿಲ್ 26ಕ್ಕೆ ರಾಜ್ಯದಲ್ಲಿ ಮೊದಲ ಹಂತದ ಮತದಾನ. ಅದರ ಆಸುಪಾಸಿನಲ್ಲೇ 3,454 ಕೋಟಿ ಬಿಡುಗಡೆ. ಬರೀ ಬೆಳೆ ಬಾಬ್ತಿಗೆ ಕೇಳಿದ್ದಕ್ಕಿಂತಲೂ ಕಡಿಮೆ. ‘ಕೋರ್ಟಿಗೆ ಹೋದದ್ದಕ್ಕೆ ಬಂತು’ ಎಂದಿತು ಒಂದು ಪಕ್ಷ, ‘ಕೋರ್ಟಿಗೆ ಹೋಗದಿದ್ದರೂ ಬರುತ್ತಿತ್ತು’ ಎಂದಿತು ಇನ್ನೊಂದು. ಬಂದದ್ದು ಸಾಕೇ ಎಂಬುದಕ್ಕಿಂತ ಯಾರಿಂದ ಬಂತು ಎಂಬುದು ಮುಖ್ಯ. ಮದುವೆ ಮನೆಯಲ್ಲಿ ಮುಯ್ಯಿ ಬರೆಸಿದ ಹಾಗೆ.

ಆ ಚುನಾವಣೆಯ ನಾಯಕ ಮಾತ್ರ ಚೊಂಬು. ಕೇಂದ್ರ ಕೊಟ್ಟದ್ದು ಚೊಂಬು ಎಂದು ಕಾಂಗ್ರೆಸ್ ಪತ್ರಿಕೆಗಳಲ್ಲಿ ಜಾಹೀರಾತು ಕೊಟ್ಟಿತು. ಚಿಕ್ಕಬಳ್ಳಾಪುರದ ಸಭೆಯಲ್ಲಿ ದೇವೇಗೌಡರು, ಯುಪಿಎ ಬಿಟ್ಟುಹೋದ ಖಾಲಿ ಚೊಂಬನ್ನು ಮೋದಿಯವರು ಅಕ್ಷಯಪಾತ್ರೆ ಮಾಡಿದ್ದಾರೆ ಎಂದು ತಿರುಗಿಸಿದರು. ಪರಿಹಾರದ ಆದೇಶ ಬಂದ ಮೇಲೂ ವಿಧಾನಸೌಧದ ಗಾಂಧಿ ಪ್ರತಿಮೆ ಎದುರು ಸಚಿವರು ಚೊಂಬು ಹಿಡಿದು ಕೂತರು. ಚೊಂಬಿನ ಬಗ್ಗೆ ಇಷ್ಟೆಲ್ಲ ಮಾತು ನಡೆಯುವಾಗ ಟ್ಯಾಂಕರ್ ನೀರಿಗೆ ಬಿಂದಿಗೆ ಸಾಲು ಇಟ್ಟ ಹೆಂಗಸರನ್ನು ಯಾರೂ ಏನೂ ಕೇಳಲಿಲ್ಲ. ಬಿಂದಿಗೆಗೆ ಇನ್ನೂ ರಾಜಕೀಯ ಅರ್ಥ ಹುಟ್ಟಿರಲಿಲ್ಲ.

ಈಗ ರೈತನ ಕೈಗೆ ಬರುವ ಲೆಕ್ಕ. ಆ ಬರದ ಹೊತ್ತಿಗಿದ್ದ ಕೇಂದ್ರದ ಮಾರ್ಗಸೂಚಿಯಲ್ಲಿ ಮಳೆಯಾಶ್ರಿತ ಹೆಕ್ಟೇರಿಗೆ 8,500 ರೂಪಾಯಿ, ನೀರಾವರಿಗೆ 17,000, ಬಹುವಾರ್ಷಿಕ ಬೆಳೆಗೆ 22,500. ಎರಡು ಹೆಕ್ಟೇರಿಗೆ ಮಿತಿ. ಅಂದರೆ ಹತ್ತೆಕರೆ ಒಣಗಿದರೂ ಐದೆಕರೆಗೆ ಎರಡು ಗುಂಟೆ ಕಮ್ಮಿಯಷ್ಟೇ ಒಣಗಿದೆ ಎಂದು ತಿಳಿಯಬೇಕು. ಬೆಳೆನಷ್ಟ ಶೇ 33 ಮುಟ್ಟಬೇಕು. 32ಕ್ಕೆ ನಿಂತರೆ ಅದು ನಷ್ಟವಲ್ಲ, ರೈತನ ಸೋಮಾರಿತನ. ಮಳೆಯಾಶ್ರಿತದ 8,500ನ್ನು ನಮ್ಮ ಅಳತೆಗೆ ಇಳಿಸಿ: ಹೆಕ್ಟೇರಿಗೆ 99 ಗುಂಟೆ, ಗುಂಟೆಗೆ 86 ರೂಪಾಯಿ. ಬೆಂಗಳೂರಿನ ದರ್ಶಿನಿಯಲ್ಲಿ ಒಂದು ಮಸಾಲೆ ದೋಸೆ, ಚಿಲ್ಲರೆ ಉಳಿದರೆ ಅರ್ಧ ಕಾಫಿ. ಕೇಂದ್ರದ ದುಡ್ಡು ಬರುವ ತನಕ ಇರಲಿ ಎಂದು ರಾಜ್ಯ ಜನವರಿಯಿಂದ ಕೊಟ್ಟ ಮೊದಲ ಕಂತು, ಗರಿಷ್ಠ 2,000 ರೂಪಾಯಿ. ‘ಗರಿಷ್ಠ’ ಎಂಬ ಪದಕ್ಕೆ ಇಷ್ಟು ಕನಿಷ್ಠ ಮರ್ಯಾದೆ ಹಿಂದೆಂದೂ ಸಿಕ್ಕಿರಲಿಲ್ಲ.

ರಾಜ್ಯ ತಾನೇ ಸೇರಿಸಿ ಕೊಡಬಾರದೇ? ಕೊಡಬಹುದು. 2021ರ ಡಿಸೆಂಬರ್‌ನಲ್ಲಿ ಮಳೆಗೆ ಬೆಳೆ ಹೋದಾಗ ಬೊಮ್ಮಾಯಿ ಸರ್ಕಾರ ಆಗಿನ 6,800ಕ್ಕೆ ಅಷ್ಟೇ ಸೇರಿಸಿ 13,600 ಮಾಡಿತ್ತು. ಬರಗಾಲದ ಚರ್ಚೆಯಲ್ಲಿ ಬಿಜೆಪಿಯವರಿಗೆ ಇದು ದಿನಕ್ಕೆ ಮೂರು ಸಲ ನೆನಪಾಗುತ್ತಿತ್ತು. ದಿಲ್ಲಿಯ ಕಡತ ಮಾತ್ರ ನೆನಪಾಗುತ್ತಿರಲಿಲ್ಲ. ಕಾಂಗ್ರೆಸ್‌ನವರಿಗೆ ದಿಲ್ಲಿಯ ಕಡತ ಬಾಯಿಪಾಠ, 13,600 ಮರೆವು. ಒಟ್ಟಿಗೆ ಕೂರಿಸಿದರೆ ಇಬ್ಬರೂ ಸೇರಿ ಒಂದು ಪೂರ್ತಿ ನೆನಪಿನ ಶಕ್ತಿ.

ಆ ಗುಂಟೆ ದೋಸೆಯಾದರೂ ಸೀದಾ ತಟ್ಟೆಗೆ ಬೀಳುತ್ತದೆಯೇ? ದುಡ್ಡು ಹೋಗುವುದು ನೇರ ಖಾತೆಗೆ. ‘ನೇರ’ ಎಂದರೆ ಹೀಗೆ: ಪಹಣಿಯ ಪ್ರತಿ ಸರ್ವೆ ನಂಬರೂ ರೈತರ ವಿವರ ಇಡುವ ಸರ್ಕಾರದ ಫ್ರೂಟ್ಸ್ ತಂತ್ರಾಂಶದಲ್ಲಿ ರೈತನ ಎಫ್‌ಐಡಿಗೆ, ಅಂದರೆ ಗುರುತಿನ ಸಂಖ್ಯೆಗೆ, ಸೇರಿರಬೇಕು. ಮೂರು ತುಂಡು ಜಮೀನಿನಲ್ಲಿ ಒಂದೇ ಸೇರಿಸಿದ್ದರೆ ಒಂದಕ್ಕೇ ಪರಿಹಾರ. ಬೆಳೆ ಸಮೀಕ್ಷೆಯ ಆ್ಯಪ್‌ನಲ್ಲಿ ತೊಗರಿ ಇದ್ದಲ್ಲಿ ‘ಪಾಳು’ ಎಂದು ಒತ್ತಿದ್ದರೆ ಪಾಳಿಗೆ ಬರ ಬರುವುದಿಲ್ಲ. ಪಹಣಿಯಲ್ಲಿ ‘ಬಸಪ್ಪ’, ಆಧಾರ್‌ನಲ್ಲಿ ‘ಬಸವರಾಜಪ್ಪ’ ಆಗಿದ್ದರೆ ಇಬ್ಬರೂ ಬೇರೆ ಬೇರೆ, ಒಬ್ಬರಿಗೂ ದುಡ್ಡಿಲ್ಲ. ಖಾತೆಗೆ ಆಧಾರ್ ಜೋಡಿಸಿದ್ದರೆ ಸಾಲದು, ಎನ್‌ಪಿಸಿಐ ಮ್ಯಾಪಿಂಗ್ ಆಗಿರಬೇಕು, ಅಂದರೆ ಈ ಆಧಾರ್‌ಗೆ ದುಡ್ಡು ಯಾವ ಬ್ಯಾಂಕಿಗೆ ಹೋಗಬೇಕು ಎಂದು ರಾಷ್ಟ್ರೀಯ ಪಾವತಿ ನಿಗಮದಲ್ಲೂ ದಾಖಲಾಗಿರಬೇಕು. ಇಲ್ಲದಿದ್ದರೆ ಹಣ ಹೋದ ದಾರಿಯಲ್ಲೇ ವಾಪಸು. ಅದೂ ದಾಟಿ ಬಂದರೆ ಬ್ಯಾಂಕು ಹಳೇ ಸಾಲದ ಖಾತೆಗೆ ಮುರಿದುಕೊಳ್ಳುವುದುಂಟು. ಹಾಗೆ ಮಾಡಬೇಡಿ ಎಂಬ ಸರ್ಕಾರದ ಸೂಚನೆ ಪ್ರತಿ ಸಲ ಮುರಿದುಕೊಂಡ ಮೇಲೆ ತಲುಪುತ್ತೆ. ಕೋರಿಗೋ ಲಾವಣಿಗೋ, ಅಂದರೆ ಪಾಲಿಗೋ ಗೇಣಿಗೋ, ಹೊಲ ಮಾಡಿದವನ ಹೆಸರು ಇದರಲ್ಲಿ ಎಲ್ಲೂ ಇಲ್ಲ. ಒಣಗಿದ್ದು ಅವನ ಬೆಳೆ, ಟಣ್ ಎಂದು ಮೆಸೇಜ್ ಬರುವುದು ಊರು ಬಿಟ್ಟು ಬೆಂಗಳೂರಲ್ಲಿರುವ ಮಾಲೀಕನ ಮೊಬೈಲಿಗೆ.

ಇಷ್ಟರಲ್ಲಿ ಸರ್ಕಾರ ಮಾಡಿದ ಒಂದು ಸುಧಾರಣೆ ಹೇಳದೆ ಬಿಟ್ಟರೆ ತಪ್ಪಾಗುತ್ತೆ: ಗ್ರಾಮ ಲೆಕ್ಕಿಗರ ಹೆಸರನ್ನು ಗ್ರಾಮ ಆಡಳಿತ ಅಧಿಕಾರಿ ಎಂದು ಬದಲಿಸಿದೆ. ಧಾರವಾಡ ಕಡೆಯ ಯಾವ ನಾಡಕಚೇರಿಗೆ ಹೋದರೂ ಅವರ ಮೇಜಿನ ಮುಂದೆ ನಡೆಯುವ ಮಾತು ಇಷ್ಟು:

‘ಅಜ್ಜಾ, ಪಹಣಿ ಯಾರ ಹೆಸರಿನಾಗ ಐತಿ?’

‘ನಮ್ಮಪ್ಪಂದ್ರಿ.’

‘ಅವರ ಆಧಾರ ತಂದೀರೇನು?’

‘ಅವ ಸತ್ತು ಇಪ್ಪತ್ತೈದು ವರ್ಷಾತ್ರಿ ಸಾಹೇಬ್ರ. ಆವಾಗ ನಮಗ ಅವನ ಆಧಾರ ಆಗಿದ್ದ, ಕಾರ್ಡ್ ಇರಲಿಲ್ಲ.’

‘ಹಂಗಾರ ಮೊದಲ ಪೌತಿ ಖಾತೆ ಮಾಡಿಸ್ಕೊಂಡು ಬರ್ರಿ. ಅಣ್ತಮ್ಮಂದ್ರು ಎಲ್ಲಾರ ಸಹಿ ಬೇಕು.’

‘ಒಬ್ಬಾಂವ ಕಾಂಗ್ರೆಸ್, ಒಬ್ಬಾಂವ ಬಿಜೆಪಿ. ಎದುರಾಬದುರ ಕೂಡೂದಿಲ್ರಿ. ಎಷ್ಟ ದಿನಾ ಹಿಡೀತೈತ್ರಿ ಇದು?’

‘ಮುಂದಿನ ಬರದೊಳಗ ಆಗ್ತೈತಿ, ಹೋಗ್ರಿ.’