ಸ್ಮಾರ್ಟ್ ಮೀಟರ್ ನಿಜಕ್ಕೂ ಜೋರಾಗಿ ಓಡುತ್ತದೆಯೇ?

"ಸ್ಮಾರ್ಟ್ ಮೀಟರ್ ಹಾಕಿಸಿಕೊಳ್ಳಬೇಡಿ, ಅದು ಬೇಕಂತಲೇ ಜೋರಾಗಿ ಓಡುತ್ತದೆ" ಎಂಬ ಸಂದೇಶ ವಾಟ್ಸಾಪ್‌ನಲ್ಲಿ ಸುತ್ತುತ್ತಲೇ ಇದೆ. 2025ರಲ್ಲಿ ಬೆಸ್ಕಾಂ ಹೊಸ ಸಂಪರ್ಕಗಳಿಗೆ ಈ ಮೀಟರ್ ಕಡ್ಡಾಯ ಮಾಡಿದ ಮೇಲೆ ಇನ್ನೂ ಜಾಸ್ತಿ.

ಸತ್ಯಾಂಶ ಇಷ್ಟು. ಕರೆಂಟ್ ಅಳೆಯುವ ಕೆಲಸದಲ್ಲಿ ಇದು ಮಾಮೂಲಿ ಡಿಜಿಟಲ್ ಮೀಟರ್‌ನಂತೆಯೇ. ರೀಡಿಂಗನ್ನು ತಾನೇ ಕಳಿಸುತ್ತದೆ, ಅದೇ ಹೊಸದು.

ಹಾಗಾದರೆ ಕೆಲವರಿಗೆ ಬಿಲ್ ಏರಿದ್ದು ಸುಳ್ಳಾ? ಅಲ್ಲ. ಚಕ್ರ ತಿರುಗುವ ಹಳೇ ಮೀಟರ್ ಸವೆದು ನಿಧಾನವಾಗಿರಬಹುದು. ಸುಮ್ನೆ ಪ್ಲಗ್‌ನಲ್ಲಿರುವ ಸೆಟ್‌ಟಾಪ್ ಬಾಕ್ಸ್, ಚಾರ್ಜರ್ ಎಳೆಯುವ ಚೂರು ಕರೆಂಟನ್ನು ಅದು ಸರಿಯಾಗಿ ಲೆಕ್ಕಕ್ಕೆ ಹಿಡಿಯುತ್ತಿರಲಿಲ್ಲ. ಹೊಸದು ಹಿಡಿಯುತ್ತದೆ.

ಅನುಮಾನವಿದ್ದರೆ ಮನೆಯಲ್ಲೇ ನೋಡಿ. ಮೀಟರ್ ಮೇಲೆ ಪುಟ್ಟ ಕೆಂಪು ದೀಪ ಮಿನುಗುತ್ತಿರುತ್ತದೆ. ಒಂದು ಯೂನಿಟ್‌ಗೆ ಅದು ಎಷ್ಟು ಸಲ ಮಿನುಗಬೇಕು ಎಂಬುದು ಅಲ್ಲೇ ಅಚ್ಚಾಗಿರುತ್ತದೆ. 3200 ಅಂತಿದೆ ಅಂದುಕೊಳ್ಳಿ. ಉಳಿದದ್ದೆಲ್ಲ ಆರಿಸಿ, 1000 ವ್ಯಾಟ್‌ನ ಇಸ್ತ್ರಿಪೆಟ್ಟಿಗೆ ಮಾತ್ರ ಹಾಕಿ. ಅದು ಕಾಯುತ್ತಿರುವಾಗ ನಿಮಿಷಕ್ಕೆ ಸುಮಾರು 53 ಸಲ ಮಿನುಗಬೇಕು. ವೋಲ್ಟೇಜ್ ನೋಡಿಕೊಂಡು ಐದಾರು ಆಚೀಚೆ ಆಗಬಹುದು. ಎಲ್ಲ ಆರಿಸಿದ ಮೇಲೂ ಮಿನುಗುತ್ತಿದ್ದರೆ ಮೊದಲು ವೈರಿಂಗ್ ತೋರಿಸಿ.

ಲೆಕ್ಕ ತೀರಾ ತಪ್ಪಿದರೆ ದೂರು ಕೊಡಿ. 2024ರ ಕೇಂದ್ರ ನಿಯಮದ ಪ್ರಕಾರ ವಿದ್ಯುತ್ ಕಂಪನಿ 5 ದಿನದೊಳಗೆ ಇನ್ನೊಂದು ಮೀಟರ್ ಹಾಕಿ, ಕನಿಷ್ಠ 3 ತಿಂಗಳು ಎರಡನ್ನೂ ಹೋಲಿಸಿ ನೋಡಬೇಕು.