ಉತ್ತರದ ಹಾಳೆಯಲ್ಲಿ ಇಲ್ಲದ ಡಾಕ್ಟ್ರು

ಹತ್ತು ಮಾರ್ಕು ಹೋಯಿತು. ಹೋಗಲಿ ಬಿಡಿ ಅಂತ ಕ್ಲಬ್ಬಿನಲ್ಲಿ ಎಲ್ಲರೂ ಹೇಳಿದರು. ಮನೆಗೆ ಬಂದರೆ ಅಲ್ಲೂ ಅದೇ ಮಾತು. ಬಿಡೋಕೆ ಆಗ್ತಿಲ್ಲ, ಅದಕ್ಕೇ ಈ ಪೋಸ್ಟು. ಉದ್ದ ಇದೆ. ಚೆಸ್ ಅಂದ್ರೆ ಆಕಳಿಕೆ ಬರುವವರು ಈಗಲೇ ಮುಂದೆ ಹೋಗಿಬಿಡಿ, ನನಗೇನೂ ಬೇಜಾರಿಲ್ಲ.

ಭಾನುವಾರ ಕ್ವಿಜ್ ಇತ್ತು. ಕೊನೆಯ ಸುತ್ತಿನ ಪ್ರಶ್ನೆ: 1927ರ ಸೋವಿಯತ್ ಚೆಸ್ ಚಾಂಪಿಯನ್ ಯಾರು? ನಾನು ಎರಡು ಹೆಸರು ಬರೆದೆ. ಪ್ಯೋತರ್ ರೊಮಾನೊವ್ಸ್ಕಿ, ಫೆದಿರ್ ಬೊಹತಿರ್ಚುಕ್. ಕ್ವಿಜ್ ನಡೆಸುತ್ತಿದ್ದ ಹುಡುಗ ತನ್ನ ಹಾಳೆ ನೋಡಿದ, ನನ್ನ ಹಾಳೆ ನೋಡಿದ. "ಸಾರ್, ಎರಡು ಬರೆದು ಒಂದು ಸರಿ ಆದ್ರೆ ಮಾರ್ಕು ಕೊಡೋಕಾಗಲ್ಲ" ಅಂದ. ಕತ್ತಲಲ್ಲಿ ಎರಡು ಕಲ್ಲು ಎಸೆದು ಒಂದು ಮಾವಿನಕಾಯಿ ಬೀಳಿಸಿದವನ ಥರ ನನ್ನನ್ನು ನೋಡಿದ. ಇಬ್ಬರೂ ಚಾಂಪಿಯನ್ ಕಣಪ್ಪಾ, ಇಬ್ಬರಿಗೂ 20 ಆಟಗಳಲ್ಲಿ 14.5 ಪಾಯಿಂಟ್, ಇಬ್ಬರಿಗೂ ಪಟ್ಟ ಅಂದೆ. "ಹಾಳೆಯಲ್ಲಿ ಒಂದೇ ಹೆಸರಿದೆ ಸಾರ್."

ಹಾಳೆಯಲ್ಲಿ ಒಂದೇ ಹೆಸರಿದೆ! ಅಯ್ಯಾ, ಅದೇ ತಾನೇ ನನ್ನ ಸಂಕಟ.

ಬೊಹತಿರ್ಚುಕ್ ನನಗೆ ಹೇಗೆ ಗೊತ್ತು ಅಂತ ಕೇಳಬೇಡಿ. ನನ್ನ ಅರ್ಧ ಆಯಸ್ಸು ಎಕ್ಸ್-ರೇ ರೂಮಿನ ಕತ್ತಲಲ್ಲಿ ಕಳೆದದ್ದು ನಿಮಗೆಲ್ಲ ಗೊತ್ತೇ ಇದೆ. ಇನ್ನರ್ಧ ಚೆಸ್ ಬೋರ್ಡಿನ ಮುಂದೆ. ಎರಡನ್ನೂ ಒಟ್ಟಿಗೆ ಮಾಡಿದ ದೊಡ್ಡ ಮನುಷ್ಯ ಯಾರಾದರೂ ಇದ್ದಾರಾ ಅಂತ ಒಂದು ರಾತ್ರಿ ಡ್ಯೂಟಿಯಲ್ಲಿ ಸುಮ್ನೆ ಹುಡುಕಿದೆ. ಸಿಕ್ಕವರು ಇವರು. 1892ರಲ್ಲಿ ಕೀವ್‌ನಲ್ಲಿ ಹುಟ್ಟಿದ ರೇಡಿಯಾಲಜಿ ಡಾಕ್ಟ್ರು. ರಷ್ಯನ್ನರ ಬಾಯಲ್ಲಿ ಬೊಗತಿರ್ಚುಕ್, ಉಕ್ರೇನಿನವರ ಬಾಯಲ್ಲಿ ಬೊಹತಿರ್ಚುಕ್. ನಮ್ಮ ಹಳಗನ್ನಡದ 'ಪಾಲು' ಈಗ 'ಹಾಲು' ಆಯಿತಲ್ಲ, ಅವರಲ್ಲಿ ಗಕಾರ ಹಕಾರವಾಗಿದೆ. ನಾನು ಹಕಾರದವನು.

ಅವರ ಚೆಸ್ ಬದುಕಿನ ಮೊದಮೊದಲಲ್ಲೇ ಒಂದು ಎಡವಟ್ಟಾಯಿತು. 1914ರ ಬೇಸಿಗೆಯಲ್ಲಿ ಜರ್ಮನಿಯ ಮಾನ್‌ಹೈಮ್‌ಗೆ ಆಡಲು ಹೋದರು. ವಯಸ್ಸು 21. ಟೂರ್ನಿ ನಡುವೆಯೇ ಮೊದಲ ಮಹಾಯುದ್ಧ ಶುರು. ರಷ್ಯಾದ ಕಡೆಯಿಂದ ಬಂದಿದ್ದ 11 ಆಟಗಾರರನ್ನು ಜರ್ಮನ್ನರು ಹಿಡಿದಿಟ್ಟುಕೊಂಡರು. ಅದರಲ್ಲಿ ಮುಂದೆ ವಿಶ್ವ ಚಾಂಪಿಯನ್ ಆಗಲಿದ್ದ ಅಲೆಖಿನ್ ಇದ್ದರು, ಬೊಗೊಲ್ಯುಬೊವ್ ಇದ್ದರು, ನಮ್ಮ ಡಾಕ್ಟ್ರು ಇದ್ದರು, ರೊಮಾನೊವ್ಸ್ಕಿಯೂ ಇದ್ದರು. ಹೌದು, ಅದೇ ರೊಮಾನೊವ್ಸ್ಕಿ. ಸೆಪ್ಟೆಂಬರಿನಲ್ಲಿ ನಾಲ್ವರನ್ನು ಬಿಟ್ಟರು, ಆ ನಾಲ್ವರಲ್ಲಿ ಅಲೆಖಿನ್ ಮತ್ತು ನಮ್ಮ ಡಾಕ್ಟ್ರು. ರೊಮಾನೊವ್ಸ್ಕಿ ಒಳಗೇ ಉಳಿದರು. ಒಟ್ಟಿಗೆ ಸೆರೆಯಾದ ಇಬ್ಬರು 13 ವರ್ಷ ಕಳೆದು ಮಾಸ್ಕೋದಲ್ಲಿ ಒಂದೇ ಪಾಯಿಂಟಿಗೆ ನಿಂತು ಒಂದೇ ಪಟ್ಟ ಹಂಚಿಕೊಳ್ಳುತ್ತಾರೆ. ಇಂಥ ಕಥೆಯನ್ನು ಸಿನಿಮಾದಲ್ಲಿ ತೋರಿಸಿದರೆ ನಾವೇ "ಸ್ವಲ್ಪ ಜಾಸ್ತಿಯಾಯ್ತು" ಅನ್ನುತ್ತೇವೆ. ಆ ಹುಡುಗನ ಹಾಳೆಯಲ್ಲಿ ಮಾತ್ರ ಒಂದೇ ಹೆಸರು.

ಇನ್ನು ಬೊಟ್ವಿನಿಕ್ ವಿಷಯಕ್ಕೆ ಬರೋಣ. ಮಿಖಾಯಿಲ್ ಬೊಟ್ವಿನಿಕ್ ಗೊತ್ತಲ್ಲ, 1948ರಲ್ಲಿ ವಿಶ್ವ ಚಾಂಪಿಯನ್ ಆಗಿ, ಪಟ್ಟ ಎರಡು ಸಲ ಕಳೆದುಕೊಂಡು, ಎರಡು ಸಲವೂ ಮರುವರ್ಷವೇ ವಾಪಸ್ ಕಿತ್ತುಕೊಂಡವರು. ಸೋವಿಯತ್ ಚೆಸ್‌ಗೆ ಮನೆದೇವರಿದ್ದ ಹಾಗೆ. ಆ ಮನೆದೇವರ ವಿರುದ್ಧ ನಮ್ಮ ಎಕ್ಸ್-ರೇ ಡಾಕ್ಟ್ರ ಲೆಕ್ಕ ಹೀಗಿದೆ: ಗೆಲುವು 3, ಡ್ರಾ 1, ಸೋಲು ಸೊನ್ನೆ. ಸೊನ್ನೆ! ಮೊದಲ ಸಲ 1927ರಲ್ಲಿ, ಬೊಟ್ವಿನಿಕ್ ಇನ್ನೂ 16ರ ಹುಡುಗ. ಹೋಗಲಿ, ಮಗು ಅನ್ನೋಣ. 1933ರಲ್ಲಿ ಮಗು ಅಲ್ಲ, ಆಗಲೂ ಸೋಲು.

1935ರ ಮಾಸ್ಕೋ ಟೂರ್ನಿಯದು ನನಗೆ ಬಲು ಇಷ್ಟ. ಲಾಸ್ಕರ್, ಕಾಪಾಬ್ಲಾಂಕಾ, ಫ್ಲೋರ್, ಎಲ್ಲ ಘಟಾನುಘಟಿಗಳು. ಡಾಕ್ಟ್ರಿಗೆ ಆಗ 42, ಪಟ್ಟಿಯ ಕೆಳಗಡೆ ಎಲ್ಲೋ ಇದ್ದರು. ಬೊಟ್ವಿನಿಕ್ ಮತ್ತು ಫ್ಲೋರ್ ತಲಾ 13 ಪಾಯಿಂಟ್ ಮಾಡಿ ಮೊದಲ ಸ್ಥಾನ ಹಂಚಿಕೊಂಡರು. ಆ ಟೂರ್ನಿಯಲ್ಲಿ ಬೊಟ್ವಿನಿಕ್ ಸೋತದ್ದು ಎರಡೇ ಆಟ. ಒಂದು ಇಲ್ಯಾ ಕಾನ್ ಕೈಲಿ. ಇನ್ನೊಂದು ಯಾರ ಕೈಲಿ ಅಂತ ನಾನು ಹೇಳಬೇಕಾ? ಆ ಆಟ ಡ್ರಾ ಆಗಿದ್ದರೂ ಸಾಕಿತ್ತು, ಬೊಟ್ವಿನಿಕ್ ಒಬ್ಬರೇ ಮೇಲೆ ನಿಲ್ಲುತ್ತಿದ್ದರು. ರಜೆ ಹಾಕಿ ಆಡಲು ಬಂದ ಡಾಕ್ಟ್ರು ಇಡೀ ಸರ್ಕಾರದ ಹೋಳಿಗೆಗೆ ಅರ್ಧ ಚಮಚ ಉಪ್ಪು ಹಾಕಿ ಆಸ್ಪತ್ರೆಗೆ ವಾಪಸ್ ಹೋದರು.

ನನಗೆ ಒಂದೊಂದು ಸಲ ಅನ್ನಿಸುತ್ತದೆ, ಎಕ್ಸ್-ರೇ ನೋಡುವ ಕಣ್ಣೇ ಬೇರೆ. ಫಿಲ್ಮನ್ನು ಬೆಳಕಿನ ಪೆಟ್ಟಿಗೆಗೆ ಸಿಕ್ಕಿಸಿದಾಗ ಹೊಸಬರ ಕಣ್ಣು ನೇರ ಬಿಳೀ ಮೂಳೆಗೆ ಹೋಗುತ್ತದೆ. ಪಳಗಿದವರು ಮೊದಲು ಅಂಚು ನೋಡುತ್ತಾರೆ, ಬೂದು ಬಣ್ಣ ಎಲ್ಲಿ ಒಂಚೂರು ದಟ್ಟವಾಯಿತು ಅಂತ ನೋಡುತ್ತಾರೆ. ಡಾಕ್ಟ್ರು ಬೋರ್ಡನ್ನೂ ಹಾಗೇ ನೋಡುತ್ತಿದ್ದರೇನೋ. ಇದು ನನ್ನ ಕಲ್ಪನೆ ಅಷ್ಟೇ, ಪುರಾವೆ ಕೇಳಬೇಡಿ. ನಾನೂ ಹಾಗೇ ನೋಡುತ್ತೇನೆ, ಆದರೂ ಆರನೇ ಕ್ಲಾಸಿನ ಹುಡುಗಿ ಕೈಲಿ ಸೋಲುತ್ತೇನೆ.

ಸರಿ, ಇಷ್ಟೆಲ್ಲ ಮಾಡಿದವರ ಹೆಸರು ಹಾಳೆಯಿಂದ ಯಾಕೆ ಹೋಯಿತು? ಅಳಿಸಿದರು, ಅದಕ್ಕೇ. ಸೋವಿಯತ್ ಪುಸ್ತಕಗಳಿಂದ ಅವರ ಹೆಸರು ತೆಗೆದರು, ಆಟಗಳನ್ನು ತೆಗೆದರು. ಎಷ್ಟೋ ಪಟ್ಟಿಗಳಲ್ಲಿ 1927ರ ಮುಂದೆ ರೊಮಾನೊವ್ಸ್ಕಿ ಒಬ್ಬರೇ ಉಳಿದರು. ಪಟ್ಟಿ ನೋಡಿ ಪಟ್ಟಿ ಬರೆದರು, ಅದನ್ನು ನೋಡಿ ಇನ್ನೊಬ್ಬರು ಬರೆದರು, ಹಾಗೇ ಬಂದು ಬಂದು ಕೊನೆಗೆ ನಮ್ಮ ಹುಡುಗನ ಕೈಗೆ ಸಿಕ್ಕಿತು.

ಈಗ ಕಾಮೆಂಟಿನಲ್ಲಿ ಒಬ್ಬರು ಬಂದೇ ಬರುತ್ತಾರೆ: "ಸಾರ್, ಅವನು ನಾಜಿಗಳ ಜೊತೆ ಸೇರಿದವನು, ಗೊತ್ತಾ?" ಗೊತ್ತು. ನಿಮಗಿಂತ ಮೊದಲೇ ಗೊತ್ತು. 1941ರಲ್ಲಿ ಜರ್ಮನ್ನರು ಕೀವ್ ಹಿಡಿದಾಗ ಅವರು ಅಲ್ಲೇ ಉಳಿದರು. ಆಗ ಉಕ್ರೇನಿಯನ್ ರೆಡ್ ಕ್ರಾಸ್ ನಡೆಸಿದರು. ಯುದ್ಧಕೈದಿಗಳಿಗೆ ನೆರವು ಕೊಡುವ ಕೆಲಸ. ನಡುವೆ ನಾಜಿಗಳ ಗುಪ್ತ ಪೊಲೀಸರಾದ ಗೆಸ್ಟಾಪೊ ಅವರನ್ನೂ ಹಿಡಿದು ಕೂಡಿಹಾಕಿತ್ತು. ಇಲ್ಲಿಗೇ ಮುಗಿದಿದ್ದರೆ ನನಗೂ ಸುಲಭವಾಗುತ್ತಿತ್ತು. ಆಮೇಲೆ ಜರ್ಮನ್ನರ ಜೊತೆಗೇ ಪಶ್ಚಿಮಕ್ಕೆ ಹೋದರು. 1944ರಲ್ಲಿ ಸೆರೆ ಸಿಕ್ಕ ಮೇಲೆ ಶತ್ರುಗಳ ಕಡೆ ಸೇರಿದ್ದ ಸೋವಿಯತ್ ಜನರಲ್ ವ್ಲಾಸೊವ್ ಜರ್ಮನ್ನರ ಆಸರೆಯಲ್ಲಿ ಕಟ್ಟಿದ ಸ್ಟಾಲಿನ್ ವಿರೋಧಿ ಸಮಿತಿ ಸೇರಿದರು. ಎರಡೇ ದಿನದಲ್ಲಿ ಮೂವತ್ತಮೂರು ಸಾವಿರಕ್ಕೂ ಹೆಚ್ಚು ಯಹೂದಿಗಳನ್ನು ಬಾಬಿನ್ ಯಾರ್ ಕಣಿವೆಯಲ್ಲಿ ಕೊಂದದ್ದು ಅದೇ ಕೀವ್‌ನಲ್ಲಿ. ಅದನ್ನು ಮಾಡಿದವರ ಆಸರೆ ಪಡೆದದ್ದನ್ನು ನಾನು ಸಮರ್ಥಿಸಲ್ಲ. ಬರೆಯಿರಿ, ದಪ್ಪ ಅಕ್ಷರದಲ್ಲಿ ಬರೆಯಿರಿ. ಆದರೆ 1944ರ ತಪ್ಪಿಗೆ 1927ರ ಪಾಯಿಂಟ್ ಹೇಗೆ ಕಳೆಯುತ್ತೀರಿ? ಬೊಟ್ವಿನಿಕ್‌ನ ಸೋಲು ಹೇಗೆ ವಾಪಸ್ ತರುತ್ತೀರಿ?

ಅಲೆಖಿನ್ ಅವರನ್ನೇ ನೋಡಿ. ಅವರ ಹೆಸರಿನಲ್ಲೂ 1941ರಲ್ಲಿ ನಾಜಿ ಪತ್ರಿಕೆಯಲ್ಲಿ ಯಹೂದಿಗಳ ಬಗ್ಗೆ ಅಸಹ್ಯದ ಬರಹಗಳು ಬಂದವು. ಆದರೂ 1956ರಲ್ಲಿ ಮಾಸ್ಕೋದಲ್ಲಿ ಅಲೆಖಿನ್ ಸ್ಮಾರಕ ಟೂರ್ನಿ ನಡೆಯಿತು. ಗೆದ್ದವರು ಬೊಟ್ವಿನಿಕ್ ಮತ್ತು ಸ್ಮಿಸ್ಲೊವ್. ವಿಶ್ವ ಚಾಂಪಿಯನ್ ಆಗಿ ಸತ್ತವರು, ಬೇಕಾಗಿದ್ದರು, ಉಳಿಸಿಕೊಂಡರು. ಡಾಕ್ಟ್ರು ಇನ್ನೂ ಬದುಕಿದ್ದರು, ಬೇಡವಾಗಿದ್ದರು. 1935ರ ಟೂರ್ನಿ ನಡೆದಾಗ ಸೋವಿಯತ್ ಚೆಸ್‌ನ ಯಜಮಾನರಾಗಿದ್ದ ಕ್ರಿಲೆಂಕೊ ಯಾವ ನಾಜಿ ಜೊತೆಯೂ ಸೇರಿರಲಿಲ್ಲ. ಅವರನ್ನು 1938ರಲ್ಲಿ ಸ್ವಂತ ಸರ್ಕಾರವೇ ಗುಂಡಿಟ್ಟು ಕೊಂದಿತು. ಹಾಗಾಗಿ ನೀತಿ ಪಾಠ ಬೇಡ, ದಯವಿಟ್ಟು.

ಉಳಿದದ್ದು ಬೇಗ ಹೇಳುತ್ತೇನೆ. ಯುದ್ಧ ಮುಗಿದ ಮೇಲೆ ಕೆನಡಾಗೆ ಹೋದರು. ಒಟ್ಟಾವಾ ವಿಶ್ವವಿದ್ಯಾಲಯದಲ್ಲಿ ಅನಾಟಮಿ ಪಾಠ ಮಾಡಿದರು. 1954ರಲ್ಲಿ, 61ನೇ ವಯಸ್ಸಿನಲ್ಲಿ, ಆಮ್‌ಸ್ಟರ್‌ಡ್ಯಾಮ್ ಚೆಸ್ ಒಲಿಂಪಿಯಾಡ್‌ನಲ್ಲಿ ಕೆನಡಾ ಪರ ಆಡಿದರು. ಅಂತರರಾಷ್ಟ್ರೀಯ ಮಾಸ್ಟರ್ ಪದವಿ ಸಿಕ್ಕಿತು. ಅದಕ್ಕೂ ಮೇಲಿನ ಗ್ರ್ಯಾಂಡ್‌ಮಾಸ್ಟರ್ ಪದವಿಗೆ ಸೋವಿಯತ್ತಿನವರು ಅಡ್ಡ ನಿಂತರು. ಮರುವರ್ಷ ರೇಡಿಯಾಲಜಿ ಕೆಲಸಕ್ಕೆ ಬ್ರಿಟಿಷರಿಂದ ಬಾರ್ಕ್ಲೇ ಪದಕ ಬಂತು. ಅದಕ್ಕೆ ಮಾತ್ರ ಯಾರ ಆಕ್ಷೇಪಣೆಯೂ ಇರಲಿಲ್ಲ, ಮೂಳೆಗೆ ಪಕ್ಷ ಇಲ್ಲವಲ್ಲ. 1984ರಲ್ಲಿ ಒಟ್ಟಾವಾದಲ್ಲೇ ತೀರಿಕೊಂಡರು. 91 ವರ್ಷ.

ಇಷ್ಟು ಕೋಪ ಯಾಕೆ ನಿನಗೆ ಅಂತ ನನ್ನಾಕೆ ಕೇಳಿದಳು. ಅವಳಿಗೆ ಹೇಳದೆ ಇದ್ದದ್ದನ್ನು ಇಲ್ಲಿ ಹೇಳಿಬಿಡುತ್ತೇನೆ, ಹೇಗೂ ಅವಳು ಫೇಸ್‌ಬುಕ್ ನೋಡಲ್ಲ.

ನಮ್ಮ ಕ್ಲಬ್ಬಿನ ಗೋಡೆಯ ಮೇಲೆ ಹಸಿರು ಹಲಗೆ ಇದೆ, ವರ್ಷ ವರ್ಷದ ಚಾಂಪಿಯನ್‌ಗಳ ಹೆಸರು. ಅದರಲ್ಲಿ ಒಂದು ವರ್ಷದ ಮುಂದೆ ಹೆಸರಿಲ್ಲ. ಹೊಸಬರು ಕೇಳಿದರೆ "ಆ ವರ್ಷ ಟೂರ್ನಿ ನಡೀಲಿಲ್ಲ" ಅನ್ನುತ್ತೇವೆ. ನಡೆದಿತ್ತು. ಗೆದ್ದವನು ಮುಂದೆ ಕ್ಲಬ್ಬಿನ ದುಡ್ಡಿನಲ್ಲಿ ಏನೋ ಗೋಲ್‌ಮಾಲ್ ಮಾಡಿದ, ಜಗಳವಾಯಿತು, ಊರು ಬಿಟ್ಟ. ಆಗ ಕಾರ್ಯದರ್ಶಿ ನಾನು. ಸ್ಟೂಲ್ ಹತ್ತಿ ಬಣ್ಣ ಬಳಿದದ್ದೂ ನಾನೇ. ದುಡ್ಡು ಹೊಡೆದವನ ಹೆಸರು ಗೋಡೆ ಮೇಲೆ ಯಾಕೆ ಅಂತ ಭಾಷಣ ಬೇರೆ ಮಾಡಿದ್ದೆ. ಆ ವರ್ಷದ ಫೈನಲ್‌ನಲ್ಲಿ ಅವನು ಸೋಲಿಸಿದ್ದು ನನ್ನನ್ನು ಅಂತ ಆ ಭಾಷಣದಲ್ಲಿ ಹೇಳಿರಲಿಲ್ಲ.

ಸಂಜೆ ನಾಲ್ಕರ ಮೇಲೆ ಕಿಟಕಿಯಿಂದ ಬಿಸಿಲು ಓರೆಯಾಗಿ ಆ ಹಲಗೆ ಮೇಲೆ ಬೀಳುತ್ತದೆ. ಆಗ ಬಣ್ಣದ ಕೆಳಗಿನ ಅಕ್ಷರಗಳು ಉಬ್ಬಿ ಕಾಣುತ್ತವೆ. ಎಕ್ಸ್-ರೇ ಏನೂ ಬೇಡ, ಬರಿಗಣ್ಣು ಸಾಕು. ಭಾನುವಾರ ನಾನು ಆ ಹುಡುಗನ ಮುಂದೆ ಕೂಗಾಡುವಾಗ ಟೈಮು ನಾಲ್ಕೂಕಾಲು.

ನಿನ್ನೆ ರಾತ್ರಿ ಅವನ ಮೆಸೇಜ್ ಬಂತು. ಪಾಪ, ಕೂತು ಹುಡುಕಿದ್ದಾನೆ. "ಸಾರ್, ನೀವು ಹೇಳಿದ್ದು ಸರಿ. ಕಮಿಟಿಯವರ ಹತ್ರ ಮಾತಾಡಿದೆ. ನಿಮಗೆ ಐದು ಮಾರ್ಕು ಕೊಡ್ತಾರಂತೆ."

ಐದು!